ವಿಪತ್ತಿನ ದಿನಗಳಲ್ಲಿ ನಿತ್ಯದ ಮಾತ್ರೆ: ದೀರ್ಘಕಾಲೀನ ಕಾಯಿಲೆಗಳ ಔಷಧ ಪೆಟ್ಟಿಗೆಗಳನ್ನು ಅಳೆಯುವ ಬಗೆ

ಪ್ರವಾಹ, ಭೂಕಂಪ, ಬೆಂಕಿ ಮುಂತಾದ ವಿಪತ್ತುಗಳು ಸಂಭವಿಸಿದಾಗ ಪರಿಹಾರ ಕಾರ್ಯವೆಂದೊಡನೆ ಜನರ ಕಣ್ಣಮುಂದೆ ಬರುವುದು ದೋಣಿ, ಆಹಾರದ ಪೊಟ್ಟಣ, ಕಂಬಳಿ, ಗಾಯಕ್ಕೆ ಕಟ್ಟುವ ಪಟ್ಟಿ. ಇವೆಲ್ಲವೂ ಅವಶ್ಯಕವೇ. ಆದರೆ ಸಂತ್ರಸ್ತರ ಅದೇ ಗುಂಪಿನಲ್ಲಿ ರಕ್ತದೊತ್ತಡದ ಮಾತ್ರೆಗಳು ನೀರುಪಾಲಾದ ವೃದ್ಧರು, ಇನ್ಸುಲಿನ್ ಇಲ್ಲದೆ ದಿನ ಕಳೆಯಲಾಗದ ಮಕ್ಕಳು, ಉಬ್ಬಸದ ಔಷಧವನ್ನು ಮನೆಯಲ್ಲೇ ಬಿಟ್ಟುಬಂದ ತಾಯಂದಿರು ಇರುತ್ತಾರೆ. ಇವರ ಮೈಮೇಲೆ ಗಾಯವಿರುವುದಿಲ್ಲ. ಆದ್ದರಿಂದಲೇ ಇವರತ್ತ ಗಮನ ಹರಿಯುವುದು ತಡವಾಗುತ್ತದೆ. ಇಂಥವರಿಗಾಗಿ ಸಿದ್ಧಪಡಿಸುವ ಔಷಧ ಪೆಟ್ಟಿಗೆಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆಯೇ ಎಂಬುದನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಮುಂಬಯಿ ಮಹಾನಗರದ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

2005ರ ಜುಲೈ 26

ಅಂದು ಮುಂಬಯಿಯ ಉಪನಗರ ಪ್ರದೇಶದಲ್ಲಿ ಸುರಿದ ಮಳೆ ಅಭೂತಪೂರ್ವವಾದುದು. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿಲಿಮೀಟರ್ ಮಾತ್ರ. ಒಂದೇ ನಗರದ ಎರಡು ಭಾಗಗಳ ಸ್ಥಿತಿ ಒಂದೇ ದಿನ ಇಷ್ಟೊಂದು ಭಿನ್ನವಾಗಿತ್ತು. ಮೀಠಿ ನದಿ ಉಕ್ಕಿತು; ಕುರ್ಲಾ, ಕಲಿನಾ ಮೊದಲಾದ ತಗ್ಗು ಪ್ರದೇಶಗಳು ಜಲಾವೃತವಾದವು. ಲೋಕಲ್ ರೈಲುಗಳು ನಿಂತವು, ವಿಮಾನ ನಿಲ್ದಾಣ ಮುಚ್ಚಿತು, ಉಪನಗರಗಳ ಹಲವೆಡೆ ವಿದ್ಯುತ್ ಪೂರೈಕೆ ದಿನಗಟ್ಟಲೆ ಇರಲಿಲ್ಲ. ನೂರಾರು ಜನರು ಪ್ರಾಣ ಕಳೆದುಕೊಂಡರು. ನೀರು ಇಳಿದ ಬಳಿಕ ಇಲಿಜ್ವರ ಹರಡಿತು.

ಇಂಥ ಸನ್ನಿವೇಶವನ್ನು ದೀರ್ಘಕಾಲೀನ ಕಾಯಿಲೆಯುಳ್ಳವರ ಕಡೆಯಿಂದ ನೋಡಬೇಕು. ನೆಲಮಹಡಿಯ ಕೋಣೆಗೆ ನೀರು ನುಗ್ಗಿದರೆ ಮಾತ್ರೆಗಳ ಜೊತೆಗೆ ವೈದ್ಯರ ಚೀಟಿಯೂ ಹೋಗುತ್ತದೆ. ವಿದ್ಯುತ್ ಇಲ್ಲದಾಗ ರೆಫ್ರಿಜರೇಟರ್ ಬರಿಯ ಕಪಾಟು. ಸಮೀಪದ ಔಷಧದಂಗಡಿಯೂ ಅದೇ ನೀರಿನಲ್ಲಿರುತ್ತದೆ. ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆ ಪರೇಲ್‌ನಲ್ಲಿದ್ದು ರೋಗಿಯ ಮನೆ ಕಲ್ಯಾಣ ಅಥವಾ ವಿರಾರ್‌ನಲ್ಲಿದ್ದರೆ, ರೈಲು ನಿಂತೊಡನೆ ಚಿಕಿತ್ಸೆಯೂ ನಿಲ್ಲುತ್ತದೆ.

ಔಷಧ ನಿಂತರೆ ಆಗುವುದೇನು?

ಎಲ್ಲ ಕಾಯಿಲೆಗಳಿಗೂ ಕಾಯುವ ಶಕ್ತಿ ಒಂದೇ ಅಲ್ಲ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸಲಾರದು. ಚುಚ್ಚುಮದ್ದು ನಿಂತ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಾಪಾಯ ಒದಗಬಹುದು. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬರುವ ಸಂಭವವಿದೆ. ರಕ್ತದೊತ್ತಡದ ಕೆಲವು ಔಷಧಗಳನ್ನು ಒಮ್ಮೆಲೇ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲೇರುತ್ತದೆ. ಉಬ್ಬಸವುಳ್ಳವರಿಗೆ ತೇವ, ಬೂಷ್ಟು, ಹೊಗೆ ತುಂಬಿದ ಶಿಬಿರದ ವಾತಾವರಣವೇ ಕಂಟಕ. ಕ್ಷಯರೋಗದ ಔಷಧ ನಡುವೆ ತಪ್ಪಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬೆಳೆಯುವ ಅಪಾಯವಿದ್ದು, ಅದರ ಫಲವನ್ನು ರೋಗಿಯ ಜೊತೆಗೆ ನೆರೆಹೊರೆಯೂ ಅನುಭವಿಸಬೇಕಾಗುತ್ತದೆ. ಹೀಗಾಗಿ ಯಾವ ಔಷಧ ಮೊದಲ ದಿನವೇ ಬೇಕು, ಯಾವುದು ಒಂದು ವಾರ ಕಾಯಬಲ್ಲದು ಎಂಬ ವಿವೇಚನೆ ಪೆಟ್ಟಿಗೆಯ ರಚನೆಗೆ ಮೂಲಾಧಾರವಾಗುತ್ತದೆ.

ಪೆಟ್ಟಿಗೆಯ ಕಲ್ಪನೆ ಬೆಳೆದುಬಂದ ಬಗೆ

1988ರ ಡಿಸೆಂಬರ್‌ನಲ್ಲಿ ಆರ್ಮೇನಿಯದಲ್ಲಿ ಭೀಕರ ಭೂಕಂಪವಾದಾಗ ಜಗತ್ತಿನ ನಾನಾ ಕಡೆಗಳಿಂದ ಸುಮಾರು 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಹರಿದುಬಂತು. ಬಂದುದೇನೆಂದು ತಿಳಿಯಲು 50 ಜನರು 6 ತಿಂಗಳು ಶ್ರಮಿಸಬೇಕಾಯಿತು. ಶೇ. 8ರಷ್ಟು ಔಷಧಗಳು ತಲುಪುವಾಗಲೇ ಅವಧಿ ಮೀರಿದ್ದವು, ಶೇ. 4ರಷ್ಟು ಹಿಮದಿಂದ ಕೆಟ್ಟಿದ್ದವು. ಉಳಿದವುಗಳಲ್ಲಿ ಸುಲಭವಾಗಿ ಗುರುತಿಸಬಹುದಾಗಿದ್ದವು ಶೇ. 30ರಷ್ಟು ಮಾತ್ರ. ದಾನದ ಉದ್ದೇಶ ಒಳ್ಳೆಯದಾಗಿದ್ದರೂ ಅದನ್ನು ವಿಂಗಡಿಸುವುದೇ ಸಂಕಟದಲ್ಲಿದ್ದವರಿಗೆ ಹೊರೆಯಾಯಿತು. ಇಂಥ ಅನುಭವಗಳ ಫಲವಾಗಿ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನದ ಮಾರ್ಗಸೂಚಿಗಳನ್ನು ಪ್ರಕಟಿಸಿತು.

ಇದಕ್ಕೆ ಜೊತೆಯಾಗಿ ಬೆಳೆದುದೇ ಸಿದ್ಧ ಪೆಟ್ಟಿಗೆಯ ಕಲ್ಪನೆ. 10,000 ಜನರಿಗೆ 3 ತಿಂಗಳಿಗೆ ಬೇಕಾಗುವ ಔಷಧ ಮತ್ತು ಉಪಕರಣಗಳನ್ನು ಮೊದಲೇ ಲೆಕ್ಕಹಾಕಿ ಒಟ್ಟಿಗೆ ಕಟ್ಟಿಡುವುದು ಇದರ ಸಾರ. 1990ರಲ್ಲಿ ಇಂಥ ತುರ್ತು ಆರೋಗ್ಯ ಪೆಟ್ಟಿಗೆಯ ಪರಿಷ್ಕೃತ ರೂಪ ಬಳಕೆಗೆ ಬಂತು. ಆ ಕಾಲದ ಪೆಟ್ಟಿಗೆಗಳ ಗಮನವೆಲ್ಲ ವಾಂತಿಭೇದಿ, ಜ್ವರ, ನ್ಯುಮೋನಿಯ, ಗಾಯಗಳ ಕಡೆಗಿತ್ತು. ಸಿರಿಯ, ಇರಾಕ್ ಮೊದಲಾದ ದೇಶಗಳ ಯುದ್ಧಗಳಲ್ಲಿ ನಿರಾಶ್ರಿತರಾದವರ ಪೈಕಿ ಮಧುಮೇಹ ಮತ್ತು ಹೃದ್ರೋಗವುಳ್ಳವರ ಸಂಖ್ಯೆ ಗಣನೀಯವಾಗಿದ್ದುದು ಕಂಡುಬಂದ ಮೇಲೆ, 2016-17ರ ಸುಮಾರಿಗೆ ಅಸಾಂಕ್ರಾಮಿಕ ಕಾಯಿಲೆಗಳಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಪ್ರತ್ಯೇಕ ಪೆಟ್ಟಿಗೆಯನ್ನು ರೂಪಿಸಿತು. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಶ್ವಾಸಕೋಶದ ತೊಂದರೆ ಇವುಗಳ ಔಷಧಗಳು, ತಂಪಿನಲ್ಲಿಡಬೇಕಾದ ಇನ್ಸುಲಿನ್, ರಕ್ತದೊತ್ತಡ ಹಾಗೂ ಸಕ್ಕರೆ ಅಳೆಯುವ ಸಾಧನಗಳು ಅದರಲ್ಲಿ ಸೇರಿವೆ.

ಭಾರತ ಸರಕಾರ ಆರೋಗ್ಯ ಮೈತ್ರಿ ಯೋಜನೆಯಡಿ ಸಿದ್ಧಪಡಿಸಿದ ‘ಭೀಷ್ಮ’ ಘನಾಕೃತಿಯ ಸಂಚಾರಿ ಚಿಕಿತ್ಸಾ ಘಟಕ ಸುಮಾರು 200 ಮಂದಿ ಗಾಯಾಳುಗಳ ಆರೈಕೆಗೆ ತಕ್ಕುದಾಗಿದ್ದು, 2024ರ ಆಗಸ್ಟ್‌ನಲ್ಲಿ ಉಕ್ರೇನಿಗೆ ಇಂಥ 4 ಘಟಕಗಳನ್ನು ನೀಡಲಾಯಿತು. ಅದು ಮುಖ್ಯವಾಗಿ ಅಪಘಾತ ಮತ್ತು ಆಘಾತದ ಮೊದಲ ತಾಸುಗಳಿಗೆ ಉದ್ದೇಶಿಸಿದ್ದು. ನಿತ್ಯದ ಮಾತ್ರೆಯ ಪೆಟ್ಟಿಗೆ ಅನಂತರದ ವಾರಗಳಿಗೆ ಬೇಕಾದುದು. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಮೌಲ್ಯಮಾಪನವೆಂದರೇನು?

‘ಇಷ್ಟು ಪೆಟ್ಟಿಗೆಗಳನ್ನು ಕಳುಹಿಸಲಾಯಿತು’ ಎಂಬ ವರದಿ ಸಾಗಾಣಿಕೆಯ ಲೆಕ್ಕವನ್ನಷ್ಟೇ ಹೇಳುತ್ತದೆ. ಔಷಧ ರೋಗಿಯ ಕೈಸೇರಿ, ಆತನ ಚಿಕಿತ್ಸೆ ಕಡಿಯದೆ ಸಾಗಿತೇ ಎಂಬುದು ಮೌಲ್ಯಮಾಪನದ ವಿಷಯ. ಅದನ್ನು ಆರು ಪ್ರಶ್ನೆಗಳ ಮೂಲಕ ಅರಿಯಬಹುದು.

1. ಲೆಕ್ಕ ಸ್ಥಳೀಯವೇ?

ಬೇರೆ ದೇಶದ ಅಂದಾಜಿನ ಮೇಲೆ ಕಟ್ಟಿದ ಪೆಟ್ಟಿಗೆ ಮುಂಬಯಿಗೆ ಹೊಂದುತ್ತದೆಂದು ಭಾವಿಸುವಂತಿಲ್ಲ. ಮುಂಬಯಿಯಲ್ಲಿ 2021ರಲ್ಲಿ ನಡೆದ ಸಮೀಕ್ಷೆಯಲ್ಲಿ 18ರಿಂದ 69 ವರ್ಷದವರ ಪೈಕಿ ಸುಮಾರು ಶೇ. 34ರಷ್ಟು ಜನರಲ್ಲಿ ಅಧಿಕ ರಕ್ತದೊತ್ತಡವೂ, ಸುಮಾರು ಶೇ. 18ರಷ್ಟು ಜನರಲ್ಲಿ ಮಧುಮೇಹದ ಮಟ್ಟದ ರಕ್ತದ ಸಕ್ಕರೆಯೂ ಕಂಡುಬಂದವು.

ಇದರಿಂದ ಒಂದು ಉದಾಹರಣೆಯ ಲೆಕ್ಕ ಮಾಡಬಹುದು. 10,000 ಜನರ ಪೈಕಿ 6,500 ಮಂದಿ ಈ ವಯೋಮಾನದವರೆಂದು ಇಟ್ಟುಕೊಂಡರೆ, ಅಧಿಕ ರಕ್ತದೊತ್ತಡವುಳ್ಳವರು 2,210 ಮಂದಿ. ಅವರಲ್ಲಿ ಅರ್ಧದಷ್ಟು, ಅಂದರೆ 1,105 ಮಂದಿ ದಿನಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುವವರಾದರೆ 90 ದಿನಗಳಿಗೆ 99,450 ಮಾತ್ರೆಗಳು ಬೇಕು. ಮಧುಮೇಹವುಳ್ಳವರು 1,170 ಮಂದಿ. ಅವರಲ್ಲಿ ಅರ್ಧದಷ್ಟು ಜನರು ದಿನಕ್ಕೆ ಎರಡು ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವರೆಂದರೆ 1,05,300 ಮಾತ್ರೆಗಳು. ಅರ್ಧ ಎಂಬುದು ಇಲ್ಲಿ ಕೇವಲ ಊಹೆ. ವಾರ್ಡಿನ ಆರೋಗ್ಯ ಕೇಂದ್ರಗಳ ದಾಖಲೆಯಿಂದ ನಿಜವಾದ ಪ್ರಮಾಣವನ್ನು ತೆಗೆದು ಆ ಸ್ಥಾನದಲ್ಲಿಡಬೇಕು. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ 1.24 ಕೋಟಿ, ಅಂದಿನ 24 ಆಡಳಿತ ವಾರ್ಡುಗಳಿಗೆ ಹಂಚಿದರೆ ಒಂದೊಂದರಲ್ಲಿ ಸರಾಸರಿ 5 ಲಕ್ಷಕ್ಕೂ ಹೆಚ್ಚು ಜನ. ನಗರದ ಎಲ್ಲರಿಗೂ ಪೆಟ್ಟಿಗೆ ಕಟ್ಟಿಡುವುದು ಅಸಾಧ್ಯ, ಅನಗತ್ಯ ಕೂಡ. ಪ್ರತಿ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಬಡಾವಣೆಗಳು, ಗುಡ್ಡದ ಅಂಚಿನ ಕೊಳೆಗೇರಿಗಳು ಯಾವುವು ಎಂದು ಗುರುತಿಸಿ ಅಲ್ಲಿಗೆ ಬೇಕಾದಷ್ಟನ್ನು ಸಿದ್ಧವಿಡುವುದೇ ಸರಿಯಾದ ಮಾರ್ಗ.

2. ಔಷಧ ರೋಗಿಗೂ ವೈದ್ಯರಿಗೂ ಪರಿಚಿತವೇ?

ಪೆಟ್ಟಿಗೆಯಲ್ಲಿರುವ ಔಷಧ ಸ್ಥಳೀಯವಾಗಿ ಬರೆದುಕೊಡುವ ಔಷಧವೇ ಆಗಿರಬೇಕು. ಇಲ್ಲವಾದರೆ ಶಿಬಿರದ ವೈದ್ಯರು ಪ್ರತಿಯೊಬ್ಬ ರೋಗಿಯ ಚಿಕಿತ್ಸೆಯನ್ನೂ ಬದಲಿಸಬೇಕಾಗುತ್ತದೆ, ಮೂರು ತಿಂಗಳ ನಂತರ ಮತ್ತೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ರಾಷ್ಟ್ರೀಯ ಅವಶ್ಯಕ ಔಷಧಗಳ 2022ರ ಪಟ್ಟಿಯಲ್ಲಿ 384 ಔಷಧಗಳಿದ್ದು, ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಇನ್ಸುಲಿನ್ ಮುಂತಾದವು ಅದರಲ್ಲಿವೆ. ಪೆಟ್ಟಿಗೆಯನ್ನು ಈ ಪಟ್ಟಿಯೊಡನೆ ತಾಳೆ ನೋಡುವುದು ಸುಲಭ.

ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಮುಂಬಯಿಯ ಒಂದೇ ಪರಿಹಾರ ಶಿಬಿರದಲ್ಲಿ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ತುಳು ಮಾತನಾಡುವವರು ಇರಬಹುದು. ಮಾತ್ರೆಯ ಹಾಳೆಯ ಮೇಲಿನ ಇಂಗ್ಲಿಷ್ ಹೆಸರು ಅನೇಕರಿಗೆ ಓದಲು ಬಾರದು. ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯ ಮಾತ್ರೆಗೆ ಚಂದ್ರ ಎಂಬಂಥ ಚಿತ್ರವುಳ್ಳ ಕಾಗದದ ಚೀಲಗಳು ಖರ್ಚಿಲ್ಲದ ಪರಿಹಾರ. ಅವು ಪೆಟ್ಟಿಗೆಯಲ್ಲಿವೆಯೇ ಎಂದು ಮೌಲ್ಯಮಾಪಕರು ನೋಡಬೇಕು.

3. ಶಾಖ ಮತ್ತು ತೇವವನ್ನು ತಡೆದುಕೊಳ್ಳುವುದೇ?

ಬಳಸದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡಬೇಕೆಂಬುದು ನಿಯಮ. ಬಳಕೆಯಲ್ಲಿರುವ ಸೀಸೆ ಸಾಮಾನ್ಯವಾಗಿ 30 ಡಿಗ್ರಿ ಮೀರದ ಕೋಣೆಯಲ್ಲಿ ಸುಮಾರು 4 ವಾರ ಉಳಿಯುತ್ತದೆ. ಅದು ಮಂಜುಗಡ್ಡೆಯಾಗಲು ಎಂದಿಗೂ ಬಿಡಬಾರದು. ಕೀನ್ಯದ ದಗಹಲೆ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ದಾಖಲಿಸಿದ ಉಷ್ಣತೆಯನ್ನು ಆಧರಿಸಿ ಜಿನೀವಾದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣತೆಯಲ್ಲೂ ಇನ್ಸುಲಿನ್ 4 ವಾರಗಳ ಕಾಲ ತನ್ನ ಗುಣವನ್ನು ಕಳೆದುಕೊಳ್ಳಲಿಲ್ಲವೆಂದು ತೋರಿಸಿದೆ. ವಿದ್ಯುತ್ ಹೋದೊಡನೆ ಸೀಸೆಯನ್ನು ಎಸೆಯುವ ಭಯ ಅನಗತ್ಯವೆಂಬುದು ಇದರಿಂದ ಸ್ಪಷ್ಟ.

ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಡುವ ಪದ್ಧತಿ ನಮ್ಮ ದೇಶದಲ್ಲಿ ಪರಿಚಿತವೇ. ಆದರೆ ಮಡಕೆ ತಂಪಾಗುವುದು ನೀರು ಆವಿಯಾಗುವುದರಿಂದ. ಕಲಬುರಗಿಯ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಮಡಕೆ, ಗಾಳಿಯೇ ನೀರಿನಿಂದ ತುಂಬಿರುವ ಮುಂಬಯಿಯ ಜುಲೈ ತಿಂಗಳಲ್ಲಿ ಹೆಚ್ಚು ತಂಪು ಕೊಡಲಾರದು. ಅದೃಷ್ಟವಶಾತ್ ಮಳೆಗಾಲದಲ್ಲಿ ಅಲ್ಲಿನ ಹಗಲಿನ ಉಷ್ಣತೆ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮುಂಬಯಿಯಲ್ಲಿ ಮಾತ್ರೆಗಳಿಗೂ ಸಕ್ಕರೆ ಪರೀಕ್ಷಿಸುವ ಪಟ್ಟಿಗಳಿಗೂ ದೊಡ್ಡ ಶತ್ರು ತೇವ. ತೇವ ಹೀರಿದ ಪಟ್ಟಿ ತಪ್ಪು ಅಳತೆ ಕೊಡುತ್ತದೆ. ತಪ್ಪು ಅಳತೆಯ ಮೇಲೆ ಇನ್ಸುಲಿನ್ ಕೊಟ್ಟರೆ ಅಪಾಯ. ಆದಕಾರಣ ಗಾಳಿಯಾಡದ ಡಬ್ಬಿ, ನೀರು ನುಸುಳದ ಹೊರಕವಚ ಇವು ಮುಂಬಯಿಯ ಪೆಟ್ಟಿಗೆಯಲ್ಲಿ ಔಷಧದಷ್ಟೇ ಮಹತ್ವದವು.

4. ಸಕಾಲದಲ್ಲಿ ತಲುಪಿತೇ?

ದೂರದ ಗೋದಾಮಿನಿಂದ ಹೊರಟ ಪೆಟ್ಟಿಗೆ ನೀರು ಇಳಿದ ಮೇಲೆ ಬಂದರೆ ಇನ್ಸುಲಿನ್ ಬೇಕಾದವನಿಗೆ ಅದರಿಂದ ಪ್ರಯೋಜನವಿಲ್ಲ. 2005ರ ಅನುಭವದಂತೆ ನಗರದ ಒಂದು ತುದಿ ಒಣಗಿರುವಾಗಲೇ ಇನ್ನೊಂದು ತುದಿ ಮುಳುಗಿರಬಹುದು. ನಡುವಿನ ದಾರಿ ಕಡಿದುಹೋಗಬಹುದು. ಆದ್ದರಿಂದ ದಾಸ್ತಾನು ಒಂದೆಡೆ ಕೇಂದ್ರೀಕೃತವಾಗಿರದೆ, ಉಪನಗರಗಳ ಆಸ್ಪತ್ರೆಗಳ ಮೇಲಿನ ಮಹಡಿಗಳಲ್ಲಿ ಜೂನ್ ತಿಂಗಳಿಗೆ ಮೊದಲೇ ಹಂಚಿಕೆಯಾಗಿರಬೇಕು. ಪೆಟ್ಟಿಗೆಯನ್ನು ತೆರೆಯುವ ಅಧಿಕಾರ ಯಾರಿಗಿದೆ, ರಾತ್ರಿ ಬೀಗದ ಕೈ ಯಾರಲ್ಲಿರುತ್ತದೆ ಎಂಬುದೂ ಮುಂಚಿತವಾಗಿ ನಿಶ್ಚಯವಾಗಿರಬೇಕು. ಮಳೆಗಾಲಕ್ಕೆ ಮುನ್ನ ನಡೆಸುವ ಒಂದು ಅಣಕು ಕಾರ್ಯಾಚರಣೆಯಿಂದ ಇದನ್ನು ಗಂಟೆಗಳ ಲೆಕ್ಕದಲ್ಲೇ ಅಳೆಯಬಹುದು.

5. ಬಳಕೆಯಾಯಿತೇ? ಉಳಿದುದೇನು?

ಪೆಟ್ಟಿಗೆಯ ನಿಜವಾದ ಪರೀಕ್ಷೆ ಅದರ ದಾಸ್ತಾನು ಪುಸ್ತಕದಲ್ಲಿದೆ. ಯಾವ ಔಷಧ ಎರಡೇ ವಾರಗಳಲ್ಲಿ ಮುಗಿಯಿತು, ಯಾವುದು ಮುಟ್ಟದೆಯೇ ಅವಧಿ ಮೀರಿತು ಎಂಬುದನ್ನು ಬರೆದಿಟ್ಟರೆ ಮುಂದಿನ ಪೆಟ್ಟಿಗೆ ತಾನಾಗಿ ಸುಧಾರಿಸುತ್ತದೆ. ದಿನದಿನಕ್ಕೆ ದಾಖಲಾಗಬೇಕಾದ ಅಂಶಗಳು ಹೆಚ್ಚೇನಿಲ್ಲ: ಬಂದ ರೋಗಿಗಳೆಷ್ಟು, ಅವರ ಕಾಯಿಲೆ ಯಾವುದು, ಔಷಧ ದೊರೆತವರೆಷ್ಟು, ದೊರೆಯದೆ ಮರಳಿದವರೆಷ್ಟು. ಇವುಗಳಲ್ಲಿ ಕೊನೆಯ ಸಂಖ್ಯೆ ಎಲ್ಲಕ್ಕಿಂತ ಮುಖ್ಯವಾದುದು. ಸಾಮಾನ್ಯವಾಗಿ ಬರೆಯದೆ ಬಿಡುವುದೂ ಅದನ್ನೇ. ಶಿಬಿರಕ್ಕೆ ಬರಲಾಗದ ಹಾಸಿಗೆ ಹಿಡಿದವರು, ಅಂಗವಿಕಲರು, ಒಂಟಿ ವೃದ್ಧರು ಇವರನ್ನು ಮನೆಮನೆಗೆ ಹೋಗುವ ಆರೋಗ್ಯ ಸೇವಕಿಯರ ಮೂಲಕ ವಿಚಾರಿಸಿದಾಗ ಮಾತ್ರ ಲೆಕ್ಕ ಪೂರ್ಣವಾಗುತ್ತದೆ.

6. ಮೂರು ತಿಂಗಳ ಮೇಲೇನು?

ಪೆಟ್ಟಿಗೆ ಮುಗಿಯುತ್ತದೆ, ಕಾಯಿಲೆ ಮುಗಿಯುವುದಿಲ್ಲ. ಪೆಟ್ಟಿಗೆಯಿಂದ ಔಷಧ ಪಡೆದವರು ಬಳಿಕ ಪಾಲಿಕೆಯ ಔಷಧಾಲಯಕ್ಕೋ ಜನೌಷಧಿ ಕೇಂದ್ರಕ್ಕೋ ತಮ್ಮ ಹಿಂದಿನ ವೈದ್ಯರಲ್ಲಿಗೋ ಮರಳಿದರೇ ಎಂದು ನೋಡಬೇಕು. ಪ್ರತಿ ರೋಗಿಗೂ ಕಾಯಿಲೆ, ಔಷಧ, ಪ್ರಮಾಣ ಬರೆದ ಒಂದು ಚೀಟಿ ಕೊಟ್ಟು ಕಳುಹಿಸಿದರೆ ಈ ಕೊಂಡಿ ಕಳಚದು. ಪೆಟ್ಟಿಗೆಯಲ್ಲಿ ಹಿಡಿಸದ ಚಿಕಿತ್ಸೆಗಳೂ ಉಂಟು. ಮೂತ್ರಪಿಂಡದ ಕಾಯಿಲೆಯವರಿಗೆ ವಾರಕ್ಕೆ ಎರಡು ಮೂರು ಬಾರಿ ಬೇಕಾಗುವ ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ಇವುಗಳಿಗೆ ರೋಗಿಯನ್ನೇ ಆಸ್ಪತ್ರೆಗೆ ತಲುಪಿಸುವ ವ್ಯವಸ್ಥೆಯಾಗಬೇಕು. ಇದನ್ನು ಮೌಲ್ಯಮಾಪನ ವರದಿ ಮರೆಮಾಡದೆ ಹೇಳಬೇಕು.

2020ರ ಪಾಠ

ವಿಪತ್ತೆಂದರೆ ಯಾವಾಗಲೂ ನೀರೇ ಆಗಬೇಕೆಂದಿಲ್ಲ. ಕೋವಿಡ್ ಸಾಂಕ್ರಾಮಿಕದ ವೇಳೆ 2020ರ ಮಾರ್ಚ್ ಅಂತ್ಯದಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತವು. ಅವಶ್ಯಕ ಸೇವೆಯ ಸಿಬ್ಬಂದಿಗೆ ಜೂನ್ 15ರಿಂದ ಪುನಃ ಆರಂಭವಾದರೂ, ಸಾಮಾನ್ಯ ಪ್ರಯಾಣಿಕರೆಲ್ಲರಿಗೆ ನಿಗದಿತ ವೇಳೆಯಲ್ಲಿ ಅವಕಾಶ ದೊರೆತದ್ದು 2021ರ ಫೆಬ್ರವರಿ 1ರಂದು. ಮನೆ, ಆಸ್ಪತ್ರೆ, ಔಷಧ ಎಲ್ಲವೂ ಇದ್ದವು; ಅವುಗಳ ನಡುವಿನ ದಾರಿ ಇರಲಿಲ್ಲ. ಆಗ ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯಕೀಯದ ಮಾರ್ಗಸೂಚಿಗಳನ್ನು ಮಾರ್ಚ್ 25ರಂದು ಹೊರಡಿಸಿತು; ಮರುದಿನ ಔಷಧದಂಗಡಿಗಳು ಮನೆಬಾಗಿಲಿಗೆ ಔಷಧ ತಲುಪಿಸಲು ಅವಕಾಶ ನೀಡಿತು. ರಕ್ತದೊತ್ತಡ, ಮಧುಮೇಹ ಮೊದಲಾದ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಔಷಧವನ್ನು ಒಮ್ಮೆಲೇ ಕೊಡಬಹುದೆಂದು ಏಪ್ರಿಲ್‌ನಲ್ಲಿ ಸೂಚಿಸಿತು. ಒಂದು ರೀತಿಯಲ್ಲಿ ಇದು ಪ್ರತಿ ಮನೆಯಲ್ಲೂ ಒಂದು ಚಿಕ್ಕ ಔಷಧ ಪೆಟ್ಟಿಗೆಯನ್ನಿಟ್ಟಂತೆಯೇ. ಅತ್ಯಂತ ಬೇಗ ತಲುಪುವ ಪೆಟ್ಟಿಗೆ ರೋಗಿಯ ಬಳಿಯಲ್ಲೇ ಇರುವ ಪೆಟ್ಟಿಗೆ ಎಂಬುದು ಈ ಅನುಭವದ ಸಾರ.

ನಾಗರಿಕರು ಮಾಡಬೇಕಾದುದು

ಸರಕಾರದ ಸಿದ್ಧತೆಯೊಡನೆ ಕುಟುಂಬದ ಸಿದ್ಧತೆಯೂ ಸೇರಬೇಕು. ದೀರ್ಘಕಾಲೀನ ಕಾಯಿಲೆಯುಳ್ಳವರಿರುವ ಪ್ರತಿ ಮನೆಯವರೂ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಒಳಿತು.

ಮಳೆಗಾಲ ಆರಂಭವಾಗುವ ಮೊದಲೇ ವೈದ್ಯರ ಸಲಹೆಯಂತೆ ಕನಿಷ್ಠ ಎರಡು ವಾರಗಳ ಹೆಚ್ಚುವರಿ ಔಷಧವನ್ನು ನೀರು ಹೋಗದ ಚೀಲದಲ್ಲಿ ಹಾಕಿ ಎತ್ತರದ ಸ್ಥಳದಲ್ಲಿಡಬೇಕು. ಹಳೆಯದನ್ನು ಮೊದಲು ಬಳಸಿ ಹೊಸದನ್ನು ಚೀಲಕ್ಕೆ ಸೇರಿಸುತ್ತಿದ್ದರೆ ಅವಧಿ ಮೀರುವ ಭಯವಿಲ್ಲ.

ವೈದ್ಯರ ಚೀಟಿಯ ಒಂದು ಪ್ರತಿಯನ್ನು ಅದೇ ಚೀಲದಲ್ಲಿಟ್ಟು, ಅದರ ಚಿತ್ರವನ್ನು ಮೊಬೈಲ್ ಫೋನಿನಲ್ಲೂ ಉಳಿಸಿಕೊಳ್ಳಬೇಕು. ಔಷಧದ ವ್ಯಾಪಾರಿ ಹೆಸರಿನ ಜೊತೆಗೆ ಮೂಲ ಹೆಸರನ್ನೂ ಪ್ರಮಾಣವನ್ನೂ ಅರಿತಿರಬೇಕು. ‘ಬಿಳಿಯ ಚಿಕ್ಕ ಮಾತ್ರೆ’ ಎಂದರೆ ಶಿಬಿರದ ವೈದ್ಯರಿಗೆ ಏನೂ ತಿಳಿಯದು.

ಪ್ರತಿದಿನ ಕೆಲಸಕ್ಕಾಗಿ ದೂರ ಪ್ರಯಾಣ ಮಾಡುವವರು ಎರಡು ದಿನಗಳ ಔಷಧವನ್ನು ತಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. 2005ರ ಜುಲೈ 26ರ ರಾತ್ರಿಯನ್ನು ಸಾವಿರಾರು ಜನರು ಕಚೇರಿಗಳಲ್ಲಿ, ನಿಲ್ದಾಣಗಳಲ್ಲಿ, ಅಪರಿಚಿತರ ಮನೆಗಳಲ್ಲಿ ಕಳೆಯಬೇಕಾಯಿತೆಂಬುದನ್ನು ನೆನೆಯಬೇಕು.

ನೆರೆಯವರ ಮಾತ್ರೆಯನ್ನು ಒಂದೇ ಕಾಯಿಲೆಯೆಂಬ ಕಾರಣಕ್ಕೆ ನುಂಗಬಾರದು. ಊಟವಿಲ್ಲದ ದಿನ ಮಧುಮೇಹದ ಔಷಧವನ್ನು ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಬೇಕು. ಶಿಬಿರಕ್ಕೆ ಹೋದವರು ಯಾರೂ ಕೇಳದಿದ್ದರೂ ತಮ್ಮ ಕಾಯಿಲೆಯನ್ನು ತಾವೇ ಮೊದಲ ದಿನವೇ ತಿಳಿಸಬೇಕು.

ಮುಂಬಯಿಯಲ್ಲಿ ವಿಪತ್ತಿನ ಮಾಹಿತಿ ಮತ್ತು ನೆರವಿಗೆ ಮಹಾನಗರಪಾಲಿಕೆಯ 1916, ಆಂಬುಲೆನ್ಸ್‌ಗೆ 108 ದೂರವಾಣಿ ಸಂಖ್ಯೆಗಳನ್ನು ಬಳಸಬಹುದು.

ಗಾಯಾಳುವನ್ನು ನೀರಿನಿಂದ ಎತ್ತಿದವರ ಸಾಹಸ ಎಲ್ಲರಿಗೂ ಕಾಣುತ್ತದೆ. ತಿಂಗಳ ಕೊನೆಗೆ ರೋಗಿಯೊಬ್ಬನ ಮಾತ್ರೆ ಒಂದು ದಿನವೂ ತಪ್ಪದೆ ನಡೆಯಿತೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಅದು ಉಳಿದ ಪ್ರಾಣವೇ. ಆ ಲೆಕ್ಕವನ್ನು ಶ್ರದ್ಧೆಯಿಂದ ಇಡುವುದು, ಅದರಿಂದ ಕಲಿತದ್ದನ್ನು ಮುಂದಿನ ಮಳೆಗಾಲದ ಪೆಟ್ಟಿಗೆಗೆ ಸೇರಿಸುವುದು ಇವೇ ಮೌಲ್ಯಮಾಪನದ ಉದ್ದೇಶ.